ಹೊರಕವಚ ಮತ್ತು ಹವಳ

ಹೊರಕವಚ ಎಂದರೆ ಪ್ರಾಣಿಯ ದೇಹವನ್ನು ಹೊರಗಿನಿಂದ ಆವರಿಸಿ ಅದಕ್ಕೆ ಆಕಾರ, ಆಧಾರ ಮತ್ತು ರಕ್ಷಣೆಯನ್ನು ಒದಗಿಸುವ ಗಟ್ಟಿಯಾದ ರಚನೆ. ಇದನ್ನು ಹೊರಕಂಕಾಲ ಅಥವಾ ಬಾಹ್ಯ ಅಸ್ಥಿಪಂಜರ ಎಂದೂ ಕರೆಯುತ್ತಾರೆ. ಕೀಟ, ಚೇಳು ಮತ್ತು ಏಡಿಗಳ ಕವಚ, ಬಸವನಹುಳು ಹಾಗೂ ಕಪ್ಪೆಚಿಪ್ಪುಗಳ ಚಿಪ್ಪು, ಹವಳದ ಕಲ್ಲಿನಂಥ ಗೂಡು ಇವೆಲ್ಲ ಹೊರಕವಚದ ಬಗೆಗಳು. ನೋಡಲು ನಿರ್ಜೀವವೆನಿಸಿದರೂ ಇವು ಜೀವಂತ ಅಂಗಾಂಶಗಳು ಸ್ರವಿಸಿ ಕಟ್ಟಿದ ರಚನೆಗಳಾಗಿವೆ. ಆದ್ದರಿಂದ ಪ್ರಾಣಿ ವಾಸಿಸುವ ನೀರು, ಮಣ್ಣು ಮತ್ತು ಹವೆ ಬದಲಾದಂತೆ ಕವಚದ ರಚನೆಯೂ ಬದಲಾಗುತ್ತದೆ. ಸಮುದ್ರದ ಹವಳದ ದಿಬ್ಬಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಸಮುದ್ರದಿಂದ ದೂರವಿರುವ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಹವಳ ಬೆಳೆಯುವುದಿಲ್ಲ. ಆದರೆ ಅಲ್ಲಿನ ಕೆರೆ, ಹೊಲ ಮತ್ತು ಕುರುಚಲು ಕಾಡುಗಳ ಜೀವಜಾಲದಲ್ಲಿ ಕವಚಧಾರಿ ಪ್ರಾಣಿಗಳ ಪಾತ್ರ ದೊಡ್ಡದು.

ಸ್ವರೂಪ

ಪ್ರಾಣಿಗಳ ಕಂಕಾಲವನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಲಾಗುತ್ತದೆ. ಎರೆಹುಳುವಿನಂಥ ಪ್ರಾಣಿಗಳಲ್ಲಿ ದೇಹದೊಳಗಿನ ದ್ರವದ ಒತ್ತಡವೇ ಆಧಾರವಾಗಿರುತ್ತದೆ. ಮೀನು, ಹಕ್ಕಿ, ಮನುಷ್ಯ ಮೊದಲಾದ ಕಶೇರುಕಗಳಲ್ಲಿ ಮೂಳೆಗಳಿಂದಾದ ಒಳಕಂಕಾಲವಿದ್ದು, ಸ್ನಾಯುಗಳು ಅದರ ಹೊರಭಾಗಕ್ಕೆ ಅಂಟಿಕೊಂಡಿರುತ್ತವೆ. ಕೀಟ ಮತ್ತು ಏಡಿಗಳಲ್ಲಿ ಕವಚ ಹೊರಗಿದ್ದು, ಸ್ನಾಯುಗಳು ಅದರ ಒಳಮೈಗೆ ಅಂಟಿಕೊಂಡಿರುತ್ತವೆ.

ಗಟ್ಟಿಯಾದ ಹೊದಿಕೆಗಳೆಲ್ಲವೂ ಹೊರಕವಚವಲ್ಲ. ಆಮೆಯ ಚಿಪ್ಪು ಪಕ್ಕೆಲುಬು ಮತ್ತು ಬೆನ್ನೆಲುಬುಗಳು ಬೆಸೆದುಕೊಂಡು ಆದದ್ದು. ಅದು ಒಳಕಂಕಾಲದ ಭಾಗವಾದ್ದರಿಂದ ಆಮೆ ತನ್ನ ಚಿಪ್ಪನ್ನು ಬಿಟ್ಟು ಹೊರಬರಲಾರದು. ಹಾವು ಕಳಚುವ ಪೊರೆ ಚರ್ಮದ ಮೇಲ್ಪದರ ಮಾತ್ರ. ಅದರ ಮುಖ್ಯ ದ್ರವ್ಯ ನಮ್ಮ ಉಗುರಿನಲ್ಲಿರುವ ಕೆರಾಟಿನ್. ಕಂಟಕಚರ್ಮಿಗಳ ಗುಂಪಿಗೆ ಸೇರಿದ ಕಡಲಕಂಟಕದ ಗುಂಡನೆಯ ಓಡು ಹೊರಗೆ ಕಾಣುವಂತಿದ್ದರೂ ಅದರ ಮೇಲೆ ತೆಳುವಾದ ಚರ್ಮವಿರುತ್ತದೆ. ಆದ್ದರಿಂದ ಅದನ್ನೂ ಒಳಕಂಕಾಲವೆಂದೇ ಪರಿಗಣಿಸಲಾಗಿದೆ.

ಹೊರಕವಚದ ದ್ರವ್ಯಗಳು

ಹೊರಕವಚಗಳಲ್ಲಿ ಮುಖ್ಯವಾಗಿ ಎರಡು ದ್ರವ್ಯಗಳಿವೆ.

ಕೈಟಿನ್: ಇದು ಸಕ್ಕರೆಯ ಘಟಕಗಳು ಸರಪಳಿಯಂತೆ ಜೋಡಣೆಗೊಂಡ ವಸ್ತು. ರಚನೆಯಲ್ಲಿ ಸಸ್ಯಗಳ ಸೆಲ್ಯುಲೋಸನ್ನು ಹೋಲುತ್ತದೆ, ಆದರೆ ಇದರಲ್ಲಿ ಸಾರಜನಕವೂ ಇರುತ್ತದೆ. ಫ್ರಾನ್ಸಿನ ಹೆನ್ರಿ ಬ್ರಾಕೊನೊ 1811ರಲ್ಲಿ ಅಣಬೆಗಳಲ್ಲಿ ಇದನ್ನು ಮೊದಲು ಗುರುತಿಸಿದನು. ಸಂಧಿಪದಿಗಳ ಕವಚದ ಆಧಾರ ದ್ರವ್ಯ ಇದೇ. ಕೈಟಿನ್ ಮಾತ್ರವೇ ಇದ್ದರೆ ಕವಚ ಬಾಗುವಂತಿರುತ್ತದೆ. ಪ್ರೋಟೀನುಗಳು ಅದರೊಂದಿಗೆ ಬೆಸೆದುಕೊಂಡಾಗ ಗಡಸುತನ ಬರುತ್ತದೆ.

ಕ್ಯಾಲ್ಸಿಯಂ ಕಾರ್ಬೊನೇಟ್: ಇದು ಸುಣ್ಣದ ಕಲ್ಲಿನಲ್ಲಿರುವ ದ್ರವ್ಯ. ಮೃದ್ವಂಗಿಗಳ ಚಿಪ್ಪು ಮತ್ತು ಹವಳದ ಗೂಡು ಬಹುಪಾಲು ಇದರಿಂದಲೇ ಆಗಿವೆ. ಪ್ರಾಣಿಗಳಲ್ಲಿ ಇದು ಕ್ಯಾಲ್ಸೈಟ್ ಮತ್ತು ಅರಾಗೊನೈಟ್ ಎಂಬ ಎರಡು ಹರಳುರೂಪಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಅರಾಗೊನೈಟ್ ಆಮ್ಲೀಯ ನೀರಿನಲ್ಲಿ ಹೆಚ್ಚು ಸುಲಭವಾಗಿ ಕರಗುತ್ತದೆ. ಏಡಿ ಮತ್ತು ಸಹಸ್ರಪದಿಗಳಲ್ಲಿ ಕೈಟಿನ್ ಹಾಗೂ ಸುಣ್ಣ ಎರಡೂ ಸೇರಿ ಕವಚ ದಪ್ಪವಾಗುತ್ತದೆ.

ಸಂಧಿಪದಿಗಳ ಕವಚ ಮತ್ತು ಪೊರೆ ಕಳಚುವಿಕೆ

ಕೀಟದ ಕವಚದ ಹೊರಪದರ ಅತಿ ತೆಳುವಾಗಿದ್ದು, ಅದರ ಮೇಲಿನ ಮೇಣದಂಥ ಲೇಪ ದೇಹದ ನೀರು ಆರಿಹೋಗದಂತೆ ತಡೆಯುತ್ತದೆ. ಒಣ ಪ್ರದೇಶಗಳಲ್ಲಿ ಕೀಟಗಳು ಮತ್ತು ಚೇಳುಗಳು ಬದುಕಿ ಉಳಿಯಲು ಈ ಲೇಪ ಮುಖ್ಯ ಕಾರಣ. ಒಳಗಿನ ದಪ್ಪ ಪದರಗಳು ಬಲವನ್ನು ಕೊಡುತ್ತವೆ. ಕೀಲುಗಳ ಬಳಿ ಕವಚ ತೆಳುವಾಗಿ, ಮೆದುವಾಗಿ ಉಳಿಯುವುದರಿಂದ ಕಾಲುಗಳು ಮಡಚಿಕೊಳ್ಳಬಲ್ಲವು.

ಗಟ್ಟಿಯಾದ ಕವಚ ದೇಹದೊಡನೆ ಬೆಳೆಯಲಾರದು. ಆದ್ದರಿಂದ ಸಂಧಿಪದಿಗಳು ಬೆಳೆಯುವಾಗ ಹಳೆಯ ಕವಚವನ್ನು ಕಳಚಿ ಹೊಸದನ್ನು ಪಡೆಯಬೇಕಾಗುತ್ತದೆ. ಎಕ್ಡೈಸೋನ್ ಎಂಬ ಹಾರ್ಮೋನಿನ ಪ್ರಭಾವದಿಂದ ಹಳೆಯ ಕವಚದ ಒಳಪದರ ಕರಗಿ, ಅದರ ದ್ರವ್ಯ ದೇಹಕ್ಕೆ ಮರಳಿ ಹೀರಲ್ಪಡುತ್ತದೆ. ಅದರ ಕೆಳಗೆ ಮೆದುವಾದ ಹೊಸ ಕವಚ ಮೂಡುತ್ತದೆ. ಆ ಬಳಿಕ ಪ್ರಾಣಿ ಗಾಳಿಯನ್ನೋ ನೀರನ್ನೋ ನುಂಗಿ ದೇಹವನ್ನು ಹಿಗ್ಗಿಸಿ ಹಳೆಯ ಕವಚವನ್ನು ಸೀಳಿಕೊಂಡು ಹೊರಬರುತ್ತದೆ. ಹೊಸ ಕವಚ ಗಟ್ಟಿಯಾಗುವವರೆಗಿನ ಅವಧಿ ಅದರ ಜೀವನದ ಅತ್ಯಂತ ಅಪಾಯದ ಕಾಲ. ಆಗ ಅದು ವೇಗವಾಗಿ ಓಡಲಾರದು, ಶತ್ರುವನ್ನು ಎದುರಿಸಲಾರದು.

ಕರ್ನಾಟಕದ ರೇಷ್ಮೆ ಬೆಳೆಗಾರರಿಗೆ ಈ ಕ್ರಿಯೆ ಚಿರಪರಿಚಿತ. ಹಿಪ್ಪುನೇರಳೆ ರೇಷ್ಮೆಹುಳು ಗೂಡು ಕಟ್ಟುವ ಮೊದಲು ನಾಲ್ಕು ಬಾರಿ ಪೊರೆ ಕಳಚುತ್ತದೆ. ಬೆಳೆಗಾರರು ಇದನ್ನು ‘ಜ್ವರ’ ಎಂದು ಕರೆದು ಒಂದನೇ ಜ್ವರ, ಎರಡನೇ ಜ್ವರ ಎಂದು ಎಣಿಸುತ್ತಾರೆ. ಜ್ವರಕ್ಕೆ ಕುಳಿತ ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯನ್ನು ಮೇಲೆತ್ತಿ ನಿಶ್ಚಲವಾಗಿರುತ್ತದೆ. ಈ ಹೊತ್ತಿನಲ್ಲಿ ಹಾಸಿಗೆಯ ತೇವ ಹೀರಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ. ಮರಿ ಹೊರಬಂದಂದಿನಿಂದ ಹಣ್ಣಾಗುವವರೆಗೆ ಹುಳುವಿನ ತೂಕ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚುವುದರಿಂದ ಒಂದೇ ಕವಚದಲ್ಲಿ ಅದು ಬೆಳೆಯುವುದು ಅಸಾಧ್ಯ.

ಮೃದ್ವಂಗಿಗಳ ಚಿಪ್ಪು

ಬಸವನಹುಳು ಮತ್ತು ಕಪ್ಪೆಚಿಪ್ಪುಗಳು ಚಿಪ್ಪನ್ನು ಕಳಚುವುದಿಲ್ಲ. ಚಿಪ್ಪಿನ ಅಂಚಿಗೆ ಹೊಸ ದ್ರವ್ಯವನ್ನು ಸೇರಿಸುತ್ತ ಅದನ್ನು ಹಿರಿದಾಗಿಸುತ್ತವೆ. ಬಸವನಹುಳುವಿನ ಸುರುಳಿಯ ತುದಿಯಲ್ಲಿರುವ ಚಿಕ್ಕ ಸುತ್ತು ಅದರ ಮರಿತನದ ಚಿಪ್ಪು. ಚಿಪ್ಪನ್ನು ಸ್ರವಿಸುವುದು ಮ್ಯಾಂಟಲ್ ಎಂಬ ಮೆದುವಾದ ಹೊದಿಕೆ. ಸಾಮಾನ್ಯವಾಗಿ ಚಿಪ್ಪಿನಲ್ಲಿ ಮೂರು ಪದರಗಳಿರುತ್ತವೆ. ಹೊರಗಿನದು ಸುಣ್ಣ ಕರಗದಂತೆ ಕಾಪಾಡುವ ಸಾವಯವ ಪೊರೆ. ನಡುವಿನದು ಸುಣ್ಣದ ಹರಳುಗಳ ಪದರ. ಒಳಗಿನದು ಕೆಲವು ಜಾತಿಗಳಲ್ಲಿ ಹೊಳೆಯುವ ಮುತ್ತಿನ ಪದರವಾಗಿರುತ್ತದೆ. ಚಿಪ್ಪಿನೊಳಗೆ ಸೇರಿಕೊಂಡ ಅನ್ಯವಸ್ತುವಿನ ಸುತ್ತ ಇದೇ ದ್ರವ್ಯ ಪದರಪದರವಾಗಿ ಕೂಡಿದಾಗ ಮುತ್ತು ಆಗುತ್ತದೆ.

ಹವಳ

ಹವಳವನ್ನು ಬಹುಕಾಲ ಸಸ್ಯವೆಂದೋ ಖನಿಜವೆಂದೋ ಭಾವಿಸಲಾಗಿತ್ತು. ಅದರ ಹೂವಿನಂಥ ಭಾಗಗಳು ವಾಸ್ತವವಾಗಿ ಪ್ರಾಣಿಗಳೆಂದು ಫ್ರಾನ್ಸಿನ ವೈದ್ಯ ಪೇಸೊನೆಲ್ 1720ರ ದಶಕದಲ್ಲಿ ತೋರಿಸಿಕೊಟ್ಟನು. ಹವಳಗಳು ಅಂಬಲಿ ಮೀನಿನ ಬಂಧುಗಳಾದ ಕುಟುಕುಕಣವಂತಗಳ ವಂಶಕ್ಕೆ ಸೇರಿವೆ. ಹವಳದ ಒಂದು ಜೀವಿಯನ್ನು ಪಾಲಿಪ್ ಎನ್ನುತ್ತಾರೆ. ಇದು ಚೀಲದಂಥ ದೇಹ, ಒಂದೇ ಬಾಯಿ ಮತ್ತು ಅದರ ಸುತ್ತ ಕರಬಳ್ಳಿಗಳನ್ನು ಹೊಂದಿದೆ. ಬಹುತೇಕ ಜಾತಿಗಳಲ್ಲಿ ಪಾಲಿಪ್ ಕೆಲವೇ ಮಿಲಿಮೀಟರು ಅಗಲವಿರುತ್ತದೆ.

ಕಲ್ಲುಹವಳಗಳಲ್ಲಿ ಪಾಲಿಪಿನ ತಳಭಾಗದ ಹೊರಪೊರೆಯು ಸಮುದ್ರದ ನೀರಿನಿಂದ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಅಯಾನುಗಳನ್ನು ಪಡೆದು ಅರಾಗೊನೈಟ್ ರೂಪದ ಸುಣ್ಣವನ್ನು ತನ್ನ ಕೆಳಗೆ ಸಂಚಯಿಸುತ್ತದೆ. ಇದರಿಂದ ಬಟ್ಟಲಿನಂಥ ಗೂಡು ಆಗುತ್ತದೆ. ಗೂಡು ಎತ್ತರವಾದಂತೆ ಪಾಲಿಪ್ ಮೇಲೇರಿ ಹೊಸ ತಳವನ್ನು ಕಟ್ಟುತ್ತದೆ. ಕೆಳಗೆ ಉಳಿದದ್ದು ಬರಿದಾದ ಕಲ್ಲು. ಹೀಗೆ ದೊಡ್ಡದೊಂದು ಹವಳದ ಬಂಡೆಯಲ್ಲಿ ಜೀವಂತ ಭಾಗ ಮೇಲ್ಮೈಯ ತೆಳುಪದರ ಮಾತ್ರ. ಗುಂಡುಬಂಡೆಯಂತೆ ಬೆಳೆಯುವ ಹವಳಗಳು ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಸೆಂಟಿಮೀಟರು ಮಾತ್ರ ಬೆಳೆಯುತ್ತವೆ. ಕೊಂಬೆಯಾಕಾರದ ಕೆಲವು ಜಾತಿಗಳು ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು ಬೆಳೆಯಬಲ್ಲವು.

ದಿಬ್ಬ ಕಟ್ಟುವ ಹವಳಗಳ ಅಂಗಾಂಶದೊಳಗೆ ಏಕಕೋಶದ ಶೈವಲಗಳು ವಾಸಿಸುತ್ತವೆ. ಅವು ಸೂರ್ಯನ ಬೆಳಕಿನಿಂದ ಆಹಾರ ತಯಾರಿಸಿ ಅದರ ಹೆಚ್ಚಿನ ಪಾಲನ್ನು ಪಾಲಿಪಿಗೆ ಕೊಡುತ್ತವೆ. ಪಾಲಿಪಿನಿಂದ ಆಶ್ರಯ ಮತ್ತು ಪೋಷಕಾಂಶಗಳನ್ನು ಪಡೆಯುತ್ತವೆ. ಸುಣ್ಣ ಸಂಚಯಕ್ಕೆ ಬೇಕಾದ ಶಕ್ತಿ ಬಹುಮಟ್ಟಿಗೆ ಇದರಿಂದಲೇ ದೊರೆಯುವುದರಿಂದ ಇಂಥ ಹವಳಗಳು ಬೆಳಕು ತಲುಪುವ, ತಿಳಿಯಾದ, ಬೆಚ್ಚಗಿನ, ಆಳವಿಲ್ಲದ ನೀರಿನಲ್ಲಿ ಬೆಳೆಯುತ್ತವೆ. ಹೂಳು ಹೊತ್ತು ತರುವ ನದಿಗಳ ಮುಖದಲ್ಲಿ ಅವು ಸಾಮಾನ್ಯವಾಗಿ ಕಾಣುವುದಿಲ್ಲ.

ಹವಳದ ದಿಬ್ಬಗಳಲ್ಲಿ ದಡಕ್ಕೆ ಅಂಟಿಕೊಂಡವು, ದಡದಿಂದ ದೂರದಲ್ಲಿ ತಡೆಗೋಡೆಯಂತೆ ನಿಂತವು ಮತ್ತು ಉಂಗುರದಾಕಾರದವು ಎಂಬ ಮೂರು ಮುಖ್ಯ ಬಗೆಗಳಿವೆ. ಉಂಗುರದಾಕಾರದ ದಿಬ್ಬಕ್ಕೆ ಅಟಾಲ್ ಎಂದು ಹೆಸರು. ಮುಳುಗುತ್ತಿರುವ ದ್ವೀಪದ ಸುತ್ತ ಹವಳ ಮೇಲಕ್ಕೆ ಬೆಳೆಯುತ್ತ ಹೋದಾಗ ಅಟಾಲ್ ಆಗುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ವಿವರಿಸಿದನು. ಹವಳದ ದಿಬ್ಬಗಳು ಸಾಗರತಳದ ಶೇಕಡ 1ಕ್ಕಿಂತ ಕಡಿಮೆ ಭಾಗದಲ್ಲಿದ್ದರೂ ಸಮುದ್ರಜೀವಿಗಳ ಜಾತಿಗಳಲ್ಲಿ ಸುಮಾರು ಕಾಲು ಭಾಗಕ್ಕೆ ಆಸರೆಯಾಗಿವೆ. ಭಾರತದಲ್ಲಿ ಕಛ್ ಕೊಲ್ಲಿ, ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ, ಲಕ್ಷದ್ವೀಪ ಹಾಗೂ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಲ್ಲಿ ಪ್ರಮುಖ ದಿಬ್ಬಗಳಿವೆ.

ಆಭರಣದ ಕೆಂಪು ಹವಳ

ನವರತ್ನಗಳಲ್ಲಿ ಒಂದಾದ ಕೆಂಪು ಹವಳ ದಿಬ್ಬ ಕಟ್ಟುವ ಜಾತಿಯದಲ್ಲ. ಅದರಲ್ಲಿ ಮುಖ್ಯವಾದ ಕೊರಾಲಿಯಂ ರೂಬ್ರಮ್ ಮೆಡಿಟರೇನಿಯನ್ ಸಮುದ್ರದಲ್ಲಿ ಬೆಳೆಯುತ್ತದೆ. ಅದರ ಪಾಲಿಪಿಗೆ ಎಂಟು ಕರಬಳ್ಳಿಗಳಿರುತ್ತವೆ. ಆಭರಣಕ್ಕೆ ಬಳಸುವ ಕೆಂಪು ದಂಡ ಜೀವಂತ ಅಂಗಾಂಶದ ನಡುವೆ ರೂಪುಗೊಳ್ಳುತ್ತದೆ. ಆದ್ದರಿಂದ ಕಲ್ಲುಹವಳದ ಗೂಡು ಹೊರಕವಚವಾದರೆ, ಕೆಂಪು ಹವಳದ ದಂಡ ಒಳಕಂಕಾಲದ ಸ್ವರೂಪದ್ದು. 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ ವಿಜಯನಗರಕ್ಕೆ ಬರುತ್ತಿದ್ದ ಸರಕುಗಳಲ್ಲಿ ಹವಳವನ್ನೂ ಹೆಸರಿಸಿದ್ದಾನೆ.

ಉಗಮ ಮತ್ತು ಜೀವಾವಶೇಷಗಳು

ಗಟ್ಟಿಯಾದ ಕವಚವುಳ್ಳ ಪ್ರಾಣಿಗಳು ಸುಮಾರು 55 ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡವು. ಅನಂತರ ಕೇಂಬ್ರಿಯನ್ ಯುಗದಲ್ಲಿ ಅವುಗಳ ವೈವಿಧ್ಯ ವೇಗವಾಗಿ ಹೆಚ್ಚಿತು. ಮೆದು ದೇಹ ಬೇಗ ಕೊಳೆಯುವುದರಿಂದಲೂ ಕವಚ ಉಳಿಯುವುದರಿಂದಲೂ ಪ್ರಾಚೀನ ಅಕಶೇರುಕಗಳ ಬಗೆಗಿನ ತಿಳಿವಳಿಕೆಯ ದೊಡ್ಡ ಭಾಗ ಕವಚಗಳಿಂದಲೇ ಬಂದಿದೆ. ನೇಪಾಳದ ಗಂಡಕಿ ನದಿಯಲ್ಲಿ ದೊರೆತು ಕರ್ನಾಟಕದ ಮನೆಗಳಲ್ಲಿಯೂ ಪೂಜೆಗೊಳ್ಳುವ ಸಾಲಿಗ್ರಾಮಗಳಲ್ಲಿ ಅನೇಕವು ಅಮೋನೈಟ್ ಎಂಬ ಅಳಿದುಹೋದ ಮೃದ್ವಂಗಿಯ ಚಿಪ್ಪಿನ ಜೀವಾವಶೇಷಗಳು.

ವಿಜಯನಗರ ಜಿಲ್ಲೆಯ ಬಂಡೆಗಳಲ್ಲಿ ಇಂಥ ಚಿಪ್ಪುಗಳಾಗಲಿ ಹವಳವಾಗಲಿ ಸಿಗುವುದಿಲ್ಲ. ಅಲ್ಲಿನ ನೈಸ್, ಶಿಸ್ಟ್ ಮತ್ತು ಗ್ರಾನೈಟ್ ಶಿಲೆಗಳು ಬಹುಪಾಲು 250 ಕೋಟಿ ವರ್ಷಗಳಿಗೂ ಹಳೆಯವು. ಅವು ಉಂಟಾದ ಕಾಲಕ್ಕೆ ಕವಚವುಳ್ಳ ಪ್ರಾಣಿಗಳೇ ಇರಲಿಲ್ಲ. ಕಪ್ಪು ಮಣ್ಣಿನ ಹೊಲಗಳಲ್ಲಿ ಸಿಗುವ ಬಿಳಿಯ ಸುಣ್ಣದ ಹರಳುಗಳು ರಾಸಾಯನಿಕವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿದ್ದರೂ ಅವು ಚಿಪ್ಪಿನ ಅವಶೇಷಗಳಲ್ಲ. ಮಣ್ಣಿನಲ್ಲಿ ಇಂಗಿದ ನೀರು ಒಣಗಿದಾಗ ಅದರಲ್ಲಿ ಕರಗಿದ್ದ ಸುಣ್ಣ ಗಟ್ಟಿಗೊಂಡು ಅವು ಆಗುತ್ತವೆ.

ವಿಜಯನಗರ ಜಿಲ್ಲೆಯ ತಾಲ್ಲೂಕುಗಳಲ್ಲಿ

2021ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯ ಜೊತೆಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಿವೆ. ಮಳೆ ಕಡಿಮೆ ಬೀಳುವ ಈ ಭಾಗದಲ್ಲಿ ಕವಚಧಾರಿ ಪ್ರಾಣಿಗಳ ಬದುಕು ನೀರು ಮತ್ತು ತೇವವನ್ನು ಅವಲಂಬಿಸಿದೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ಮನುಷ್ಯನಿರ್ಮಿತ ನೀರಾವರಿ ಕೆರೆ. 98.76 ಹೆಕ್ಟೇರು ವಿಸ್ತಾರದ ಈ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವನ್ನು 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವೆಂದು ಘೋಷಿಸಲಾಯಿತು. ಇಲ್ಲಿ 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಗೂಡು ಕಟ್ಟುತ್ತವೆ ಇಲ್ಲವೆ ತಂಗುತ್ತವೆ. ಬಣ್ಣದ ಕೊಕ್ಕರೆ ಮತ್ತು ಕರಿತಲೆಯ ಕೆಂಬರಲುಗಳಿಗೆ ಇದು ಮುಖ್ಯ ನೆಲೆ. 32 ಜಾತಿಯ ಏರೋಪ್ಲೇನ್ ಚಿಟ್ಟೆಗಳೂ ಇಲ್ಲಿ ದಾಖಲಾಗಿವೆ. ಇವುಗಳ ಮರಿಗಳು ನೀರಿನಲ್ಲಿ ಬೆಳೆದು, ಕೊನೆಯ ಬಾರಿ ಜೊಂಡಿನ ದಂಟನ್ನೋ ಕಲ್ಲನ್ನೋ ಏರಿ ಪೊರೆ ಕಳಚಿ ರೆಕ್ಕೆ ಪಡೆಯುತ್ತವೆ. ದಂಟಿಗೆ ಅಂಟಿಕೊಂಡು ಉಳಿದ ಪೊಳ್ಳು ಕವಚಗಳನ್ನು ಎಣಿಸಿ ಆ ಕೆರೆಯಲ್ಲಿ ಅವು ಸಂತಾನಾಭಿವೃದ್ಧಿ ಮಾಡುತ್ತಿವೆಯೇ ಎಂಬುದನ್ನು ತಿಳಿಯಬಹುದು.

ಕರ್ನಾಟಕದ ಕೆರೆಗಳಲ್ಲಿ ಕಾಣುವ ಪೈಲಾ ಜಾತಿಯ ದೊಡ್ಡ ಬಸವನಹುಳುವಿಗೆ ಚಿಪ್ಪಿನ ಬಾಯನ್ನು ಮುಚ್ಚಿಕೊಳ್ಳಬಲ್ಲ ಮುಚ್ಚಳವಿದೆ. ಕೆರೆ ಬತ್ತಿದಾಗ ಅದು ಕೆಸರಿನೊಳಗೆ ಹುದುಗಿ, ಮುಚ್ಚಳವನ್ನು ಬಿಗಿದುಕೊಂಡು ಮುಂದಿನ ಮಳೆಯವರೆಗೆ ನಿಶ್ಚಲವಾಗಿರುತ್ತದೆ. ಇದೇ ಹುಳುವನ್ನು ಹಿಡಿದು ತಿನ್ನಲು ಹೊಂದಿಕೊಂಡ ಹಕ್ಕಿ ಬಾಯ್ಕಳಕ ಕೊಕ್ಕರೆ. ಮುಚ್ಚಿದಾಗಲೂ ನಡುವೆ ಸಂದು ಉಳಿಯುವ ಕೊಕ್ಕಿನಿಂದ ಅದು ಚಿಪ್ಪಿನೊಳಗಿನ ಮಾಂಸವನ್ನು ಹೊರತೆಗೆಯುತ್ತದೆ.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮವನ್ನು 2013ರಲ್ಲಿ ಘೋಷಿಸಲಾಯಿತು. ಇಲ್ಲಿನ ಕರಡಿಗಳ ಆಹಾರದಲ್ಲಿ ಹಣ್ಣುಗಳ ಜೊತೆಗೆ ಗೆದ್ದಲು ಮತ್ತು ಇರುವೆಗಳಿಗೆ ಮುಖ್ಯ ಸ್ಥಾನವಿದೆ. ದುಡಿಯುವ ಗೆದ್ದಲಿನ ಕವಚ ಬಹು ತೆಳು. ಬಿಸಿಲಿಗೆ ಬಂದರೆ ಅದು ಬೇಗ ಒಣಗಿ ಸಾಯುತ್ತದೆ. ಆದ್ದರಿಂದಲೇ ಗೆದ್ದಲುಗಳು ಹುತ್ತದ ತೇವದಲ್ಲಿ, ಮಣ್ಣಿನ ಹೊದಿಕೆಯಡಿಯ ದಾರಿಗಳಲ್ಲಿ ಬದುಕುತ್ತವೆ. ಒಂದರ್ಥದಲ್ಲಿ ಹುತ್ತವು ತೆಳುಕವಚದ ಕೊರತೆಯನ್ನು ತುಂಬುತ್ತದೆ. ಕರಡಿಯು ಉಗುರಿನಿಂದ ಹುತ್ತವನ್ನು ಬಗೆದು, ಮೇಲ್ದವಡೆಯ ಎರಡು ಮುಂಭಾಗದ ಹಲ್ಲುಗಳಿಲ್ಲದ ಸಂದಿನ ಮೂಲಕ ಗೆದ್ದಲುಗಳನ್ನು ಸದ್ದಿನೊಡನೆ ಹೀರಿಕೊಳ್ಳುತ್ತದೆ. ಕೀಟಗಳ ಗಟ್ಟಿ ತಲೆ ಮತ್ತು ದವಡೆಗಳು ಪೂರ್ಣವಾಗಿ ಜೀರ್ಣವಾಗದೆ ಉಳಿಯುವುದರಿಂದ, ಸಂಶೋಧಕರು ಕರಡಿಯ ಹಿಕ್ಕೆಯಲ್ಲಿನ ಕವಚದ ಚೂರುಗಳಿಂದ ಅದರ ಆಹಾರವನ್ನು ಗುರುತಿಸುತ್ತಾರೆ.

ಹರಪನಹಳ್ಳಿ ಭಾಗದ ಮುಖ್ಯ ಬೆಳೆಗಳಲ್ಲಿ ಒಂದಾದ ಮೆಕ್ಕೆಜೋಳಕ್ಕೆ ಫಾಲ್ ಸೈನಿಕ ಹುಳು ದೊಡ್ಡ ಪೀಡೆ. ಭಾರತದಲ್ಲಿ ಇದು ಮೊದಲು ವರದಿಯಾದದ್ದು 2018ರಲ್ಲಿ ಕರ್ನಾಟಕದಿಂದಲೇ. ಮರಿಹುಳು ಆರು ಹಂತಗಳಲ್ಲಿ ಬೆಳೆಯುತ್ತ ಪ್ರತಿ ಹಂತಕ್ಕೂ ಕವಚ ಬದಲಿಸುತ್ತದೆ. ನೊವಾಲುರಾನ್, ಡೈಫ್ಲುಬೆಂಜುರಾನ್ ಮೊದಲಾದ ಕೀಟನಾಶಕಗಳು ಕೈಟಿನ್ ತಯಾರಿಕೆಯನ್ನೇ ತಡೆಯುವುದರಿಂದ ಹುಳು ಪೊರೆ ಕಳಚುವಾಗ ಸಾಯುತ್ತದೆ. ಮೂಳೆಯುಳ್ಳ ಪ್ರಾಣಿಗಳ ದೇಹದಲ್ಲಿ ಕೈಟಿನ್ ಕವಚವಿಲ್ಲದ ಕಾರಣ ಅವುಗಳಿಗೆ ಇವುಗಳ ವಿಷತ್ವ ಕಡಿಮೆ. ಆದರೆ ರೇಷ್ಮೆಹುಳುಗಳಿಗೂ ಹಳ್ಳ ಕೆರೆಗಳ ಸಿಗಡಿ, ಏಡಿಗಳಿಗೂ ಇವು ಅಪಾಯಕಾರಿ.

ಹೂವಿನಹಡಗಲಿ ತಾಲ್ಲೂಕಿನ ಮೈಲಾರವು ಮೈಲಾರಲಿಂಗನ ಕ್ಷೇತ್ರ. ಈ ದೇವರ ಭಕ್ತರಾದ ಗೊರವರ ವೇಷದಲ್ಲಿ ಕಂಬಳಿ, ಡಮರುಗಗಳ ಜೊತೆಗೆ ಕವಡೆಗಳೂ ಇರುತ್ತವೆ. ಕವಡೆಯು ಹವಳದ ದಿಬ್ಬಗಳ ಆಳವಿಲ್ಲದ ನೀರಿನಲ್ಲಿ ಬಾಳುವ ಒಂದು ಮೃದ್ವಂಗಿಯ ಚಿಪ್ಪು. ಬದುಕಿರುವಾಗ ಮ್ಯಾಂಟಲ್ ಚಿಪ್ಪಿನ ಹೊರಮೈಯನ್ನೂ ಆವರಿಸಿರುವುದರಿಂದ ಅದಕ್ಕೆ ಸವೆಯದ ಹೊಳಪು ಬರುತ್ತದೆ. ಭಾರತಕ್ಕೆ ಕವಡೆ ಹೆಚ್ಚಾಗಿ ಮಾಲ್ಡೀವ್ಸ್‌ನ ಹವಳದ ದ್ವೀಪಗಳಿಂದ ಬರುತ್ತಿತ್ತು. ಬಂಗಾಳ ಮತ್ತು ಒಡಿಶಾಗಳಲ್ಲಿ ಅದು 19ನೆಯ ಶತಮಾನದ ಆರಂಭದವರೆಗೂ ಚಿಲ್ಲರೆ ನಾಣ್ಯವಾಗಿ ಚಲಾವಣೆಯಲ್ಲಿತ್ತು.

ಕರ್ನಾಟಕದ ಕರಾವಳಿಯಲ್ಲಿ

ರಾಜ್ಯದಲ್ಲಿ ಹವಳ ಕಾಣಸಿಗುವ ಪ್ರಸಿದ್ಧ ಸ್ಥಳ ಉತ್ತರ ಕನ್ನಡ ಜಿಲ್ಲೆಯ ನೇತ್ರಾಣಿ ದ್ವೀಪ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿರುವ ಈ ದ್ವೀಪದ ಸುತ್ತಲಿನ ನೀರು ಕರಾವಳಿಯ ಅಳಿವೆಗಳಿಗಿಂತ ತಿಳಿಯಾಗಿರುವುದರಿಂದ ಬಂಡೆಗಳ ಮೇಲೆ ಹವಳಗಳು ಬೆಳೆದಿವೆ.

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ ಅಂಕಸಮುದ್ರದ ಜೊತೆಗೇ, 2024ರ ಜನವರಿಯಲ್ಲಿ, ರಾಮ್ಸಾರ್ ಪಟ್ಟಿಗೆ ಸೇರಿತು. 6,000ದಿಂದ 7,500 ಕುಟುಂಬಗಳ ಜೀವನೋಪಾಯಕ್ಕೆ ಆಧಾರವಾಗಿರುವ ಈ ಅಳಿವೆಯಲ್ಲಿ ಮೀನುಗಾರಿಕೆ, ಗಜನಿ ಭತ್ತದ ಬೇಸಾಯ ಹಾಗೂ ಉಪ್ಪಿನ ತಯಾರಿಕೆಯೊಂದಿಗೆ ಬಳಚು ಆಯುವುದೂ ಮುಖ್ಯ ಕಸುಬು. ನೀರಿಳಿತದ ಹೊತ್ತಿನಲ್ಲಿ ಹೆಂಗಸರೂ ಗಂಡಸರೂ ಮರಳಿನಿಂದ ಬಳಚುಗಳನ್ನು ಆಯುತ್ತಾರೆ. ಅವುಗಳ ಮಾಂಸ ಆಹಾರವಾದರೆ, ಚಿಪ್ಪನ್ನು ಸುಟ್ಟು ಸುಣ್ಣ ಮಾಡಲಾಗುತ್ತದೆ. ಗೋಡೆಗೆ ಬಳಿಯಲೂ ಎಲೆ ಅಡಿಕೆಯೊಂದಿಗೆ ಮೆಲ್ಲಲೂ ಚಿಪ್ಪಿನ ಸುಣ್ಣ ಬಳಕೆಯಲ್ಲಿದೆ.

ಅಪಾಯಗಳು

ಸಮುದ್ರದ ನೀರಿನ ತಾಪ ವಾಡಿಕೆಯ ಬೇಸಿಗೆಯ ಗರಿಷ್ಠಕ್ಕಿಂತ ಸುಮಾರು 1 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ ಕೆಲವು ವಾರ ಹಾಗೆಯೇ ಉಳಿದರೆ ಹವಳದ ಪಾಲಿಪುಗಳು ತಮ್ಮೊಳಗಿನ ಶೈವಲಗಳನ್ನು ಹೊರಹಾಕುತ್ತವೆ. ಆಗ ಪಾರದರ್ಶಕ ಅಂಗಾಂಶದ ಮೂಲಕ ಸುಣ್ಣದ ಬಿಳಿ ಗೂಡು ಕಾಣುವುದರಿಂದ ಈ ಸ್ಥಿತಿಯನ್ನು ಬಿಳಿಚುವಿಕೆ ಎನ್ನುತ್ತಾರೆ. ಬಿಳಿಚಿದ ಹವಳ ಕೂಡಲೇ ಸತ್ತಿರುವುದಿಲ್ಲ. ನೀರು ಬೇಗ ತಣಿದರೆ ಅದು ಚೇತರಿಸಿಕೊಳ್ಳಬಲ್ಲದು, ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ವ್ಯಾಪಕ ಬಿಳಿಚುವಿಕೆ ಕಂಡುಬಂದಿತು. ಎರಡು ಘಟನೆಗಳ ನಡುವಿನ ಅವಧಿ ಚಿಕ್ಕದಾದಂತೆ ನಿಧಾನವಾಗಿ ಬೆಳೆಯುವ ಹವಳಗಳಿಗೆ ಚೇತರಿಕೆಯ ಅವಕಾಶ ಕಡಿಮೆಯಾಗುತ್ತದೆ. ಭೂಮಿಯ ಸರಾಸರಿ ತಾಪ 1.5 ಡಿಗ್ರಿ ಏರಿದರೆ ಹವಳದ ದಿಬ್ಬಗಳು ಶೇಕಡ 70ರಿಂದ 90ರಷ್ಟು, 2 ಡಿಗ್ರಿ ಏರಿದರೆ ಶೇಕಡ 99ಕ್ಕೂ ಹೆಚ್ಚು ಕುಗ್ಗಬಹುದೆಂದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ 2018ರಲ್ಲಿ ಅಂದಾಜಿಸಿತು.

ಎರಡನೆಯ ಅಪಾಯ ಸಮುದ್ರದ ಆಮ್ಲೀಕರಣ. ಗಾಳಿಯಲ್ಲಿ ಹೆಚ್ಚಿದ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ಕಾರ್ಬೊನೇಟ್ ಅಯಾನುಗಳನ್ನು ಕಡಿಮೆ ಮಾಡುತ್ತದೆ. ಕೈಗಾರಿಕಾ ಕ್ರಾಂತಿಗೆ ಮುನ್ನ ಸುಮಾರು 8.2 ಇದ್ದ ಸಾಗರದ ಮೇಲ್ಮೈಯ ಪಿಎಚ್ ಈಗ ಸುಮಾರು 8.1ಕ್ಕೆ ಇಳಿದಿದೆ. ಇದರಿಂದ ಹವಳಕ್ಕೂ ಚಿಪ್ಪಿನ ಪ್ರಾಣಿಗಳಿಗೂ ಕವಚ ಕಟ್ಟಲು ಹೆಚ್ಚು ಶಕ್ತಿ ವ್ಯಯವಾಗುತ್ತದೆ.

ಒಳನಾಡಿನ ಕೆರೆಗಳಲ್ಲಿ ಅಪಾಯದ ರೂಪ ಬೇರೆ. ಹೂಳು ತುಂಬುವುದು, ಹೊಲಗಳ ಕೀಟನಾಶಕ ಹರಿದು ಬರುವುದು ಮತ್ತು ಕೆರೆ ದೀರ್ಘಕಾಲ ಬರಿದಾಗಿರುವುದು ಬಸವನಹುಳು, ಕಪ್ಪೆಚಿಪ್ಪು ಮತ್ತು ಕೀಟಮರಿಗಳನ್ನು ನಾಶಮಾಡುತ್ತವೆ. ಅವು ಕಡಿಮೆಯಾದರೆ ಅವನ್ನು ತಿಂದು ಬದುಕುವ ಮೀನು ಮತ್ತು ಹಕ್ಕಿಗಳಿಗೆ ಆಹಾರ ಸಿಗುವುದಿಲ್ಲ.

ಸಂರಕ್ಷಣೆ

ಕಲ್ಲುಹವಳಗಳು, ಕಪ್ಪು ಹವಳ ಮತ್ತು ಸಮುದ್ರ ಬೀಸಣಿಗೆಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಇದರಿಂದ ಹುಲಿ, ಆನೆಗಳಿಗಿರುವ ಮಟ್ಟದ ಕಾನೂನಿನ ರಕ್ಷಣೆ ಇವುಗಳಿಗೂ ದೊರೆಯಿತು. ಕಡಲಿನಿಂದ ಹವಳವನ್ನು ಕಿತ್ತು ತರುವುದು ಮತ್ತು ಮಾರುವುದು ಅಪರಾಧ. ಕೆಲವು ಶಂಖ ಮತ್ತು ಚಿಪ್ಪುಗಳ ಜಾತಿಗಳೂ ಈ ಕಾಯಿದೆಯ ಅನುಸೂಚಿಗಳಲ್ಲಿವೆ. ಒಳನಾಡಿನಲ್ಲಿ ಅಂಕಸಮುದ್ರದಂಥ ಕೆರೆಗಳಿಗೆ ದೊರೆತ ಸಂರಕ್ಷಣಾ ಮೀಸಲು ಸ್ಥಾನಮಾನವು ಹಕ್ಕಿಗಳೊಂದಿಗೆ ಅವುಗಳಿಗೆ ಆಹಾರವಾದ ಚಿಪ್ಪು ಮತ್ತು ಕವಚದ ಜೀವಿಗಳ ನೆಲೆಯನ್ನೂ ಒಳಗೊಳ್ಳುತ್ತದೆ.